ಹೊಳೆಯನ್ನು ತಿಳಿ ಮಾಡಿದವನು

ಮಾಹೊಯೆ ಹೊಳೆಯ ನೀರು ಕಂದು, ಹಾಲು ಹಾಕದ ಚಹಾದ ಬಣ್ಣ. ಕೊಳಕಲ್ಲ. ಲೋಟಕ್ಕೆ ತುಂಬಿದರೆ ತಳ ಕಾಣುತ್ತದೆ, ಕುಡಿದವರಿಗೆ ಯಾರಿಗೂ ಏನೂ ಆಗಿಲ್ಲ. ಮೇಲಿನ ಜೌಗಿನಲ್ಲಿ ಎಷ್ಟೋ ಕಾಲದಿಂದ ಕೊಳೆಯುತ್ತಿರುವ ಎಲೆ, ತೊಗಟೆಗಳ ರಸ ಅದು. ಆದರೆ ವೈಟ್‌ಬೇಟ್ ಹಿಡಿಯುವವನ ಹತ್ತಿರ ಹೋಗಿ ಆ ಬಣ್ಣ ಚೆಂದ ಅಂದು ನೋಡಿ, ಬೈಸಿಕೊಂಡು ಬರುತ್ತೀರಿ. ಬೆರಳುದ್ದದ ಮರಿಮೀನು ಅದು, ಮೈಯೆಲ್ಲ ಗಾಜು. ಎರಡು ಕರಿ ಕಣ್ಣಿನ ಚುಕ್ಕೆ ಬಿಟ್ಟರೆ ನೀರಿಗೂ ಅದಕ್ಕೂ ವ್ಯತ್ಯಾಸವಿಲ್ಲ. ವಸಂತದಲ್ಲಿ, ನಮ್ಮ ಕಡೆ ಅದು ಸೆಪ್ಟೆಂಬರ್‌ನಿಂದ ನವೆಂಬರ್, ಸಮುದ್ರದಿಂದ ಹಿಂಡುಹಿಂಡಾಗಿ ಹೊಳೆ ಹತ್ತುತ್ತದೆ. ನಾವು ದಡದಿಂದ ನೀರಿನ ಮೇಲಕ್ಕೆ ಮರದ ಅಟ್ಟಣೆ ಕಟ್ಟಿ, ತಳಕ್ಕೆ ಬಿಳಿ ಬಣ್ಣ ಬಳಿದ ಹಲಗೆ ಇಳಿಸಿ, ಅದರ ಮೇಲೆ ಮೀನಿನ ನೆರಳು ಹಾಯುವುದನ್ನೇ ಕಾಯುತ್ತ ಕೂರುತ್ತೇವೆ. ನೆರಳು ಕಂಡ ಕೂಡಲೇ ಬಲೆ ಎತ್ತಬೇಕು. ಕಂದು ನೀರಿನಲ್ಲಿ ಹಲಗೆಯೇ ಸರಿಯಾಗಿ ಕಾಣದು, ಇನ್ನು ಮೀನು ಎಲ್ಲಿಂದ ಕಾಣಬೇಕು?

ನನ್ನದು ನಾಲ್ಕನೆಯ ಅಟ್ಟಣೆ. ಅಜ್ಜನದು, ಆಮೇಲೆ ಅಪ್ಪನದು, ಈಗ ನನ್ನದು. ಹೆಸರು ಡೆನ್ಜಿಲ್, ವಯಸ್ಸು ಅರವತ್ತೇಳು. ಊರಿನಲ್ಲಿ ನನ್ನನ್ನು ಮುಂಗೋಪಿ ಅನ್ನುತ್ತಾರೆ. ಅಷ್ಟೇ ಆಗಿದ್ದರೆ ನಾನು ಪುಣ್ಯವಂತ.

ಅಟ್ಟಣೆಗಳಿಗಿಂತ ಸ್ವಲ್ಪ ಮೇಲೆ ಹೊಳೆಗೆ ಎರಡು ನೀರು ಬಂದು ಸೇರುತ್ತವೆ. ಒಂದು ಗುಡ್ಡದ ಬುಡದ ಒರತೆಯದು, ಕನ್ನಡಿಯಷ್ಟು ತಿಳಿ. ಇನ್ನೊಂದು ಜೌಗಿನಿಂದ ಬರುವ ತೊರೆ, ಕಂದು ಬಣ್ಣವೆಲ್ಲ ಅದರದೇ. ನಾಲ್ಕು ಬೇಸಿಗೆಯ ಹಿಂದೆ ಒಂದು ದಿನ ಆ ಕೂಡಲಿನಲ್ಲಿ ನಿಂತಿದ್ದಾಗ ನನ್ನ ತಲೆಗೆ ಒಂದು ಯೋಚನೆ ಹೊಳೆಯಿತು. ಜೌಗಿನ ತೊರೆಗೆ ಅಡ್ಡ ಹಾಕಿ ಒಂದು ಕಾಲುವೆ ತೋಡಿದರೆ ಆ ನೀರು ಆಚೆಕಡೆಯ ಉಪ್ಪುನೀರಿನ ಹಿನ್ನೀರಿಗೆ ಇಳಿದುಹೋಗುತ್ತದೆ. ನಲವತ್ತು ಹೆಜ್ಜೆಯ ಕೆಲಸ. ಸುತ್ತ ಕತ್ತಿಯಂಥ ಉದ್ದ ಎಲೆಯ, ಆಳೆತ್ತರದ ಫ್ಲ್ಯಾಕ್ಸ್ ಮೆಳೆ, ಹೊರಗಿನಿಂದ ಯಾರಿಗೂ ಕಾಣದು. ಮೂರು ದಿನ ಒಬ್ಬನೇ ಗುದ್ದಲಿ ಹಿಡಿದೆ. ಹಸುವಿನ ಮೇವಿನ ಖಾಲಿ ಚೀಲಗಳಿಗೆ ಮಣ್ಣು ತುಂಬಿ ತೊರೆಗೆ ಒಡ್ಡು ಹಾಕಿದೆ.

"ಸೌದೆ ಕಡಿಯೋಕ್ ಹೋದೋನ ಪ್ಯಾಂಟಲ್ಲಿ ಜೌಗಿನ ಕೆಸರು ಯಾಕೋ?" ಎಂದು ನನ್ನ ಹೆಂಡತಿ ನೈರಿ ಬಟ್ಟೆ ಒಗೆಯುವಾಗ ಕೇಳಿದಳು.

"ಜಾರಿ ಬಿದ್ದೆ."

"ಮೂರು ದಿನಾನೂ ಬಿದ್ಯಾ? ಕಾಲು ನೆಟ್ಟಗಿದೆ ತಾನೆ?"

ನಾನು ಹಸುವಿಗೆ ಮೇವು ಹಾಕಲು ಹೊರಟೆ. ಅವಳು ಮತ್ತೆ ಕೇಳಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದವಳು, ನಾನು ಯಾವಾಗ ಸುಳ್ಳು ಹೇಳುತ್ತೇನೆ ಅನ್ನುವುದು ಅವಳಿಗೆ ಗೊತ್ತು.

ಆ ವಸಂತದಲ್ಲಿ ಹೊಳೆ ನೋಡಬೇಕಿತ್ತು! ತಳದ ಕಲ್ಲುಕಲ್ಲೂ ಕಾಣುತ್ತಿತ್ತು. ಬಿಳಿ ಹಲಗೆ ಊಟದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಹನ್ನೆರಡು ಅಟ್ಟಣೆಯವರೂ ಬಕೆಟ್ ತುಂಬಿಕೊಂಡು ಮನೆಗೆ ಹೋದರು. ಮೊಟ್ಟೆಗೆ ಮೀನು ಕಲಸಿ ಹೆಂಚಿಗೆ ಹುಯ್ದ ಪ್ಯಾಟಿಯ ವಾಸನೆ ಇಡೀ ಊರಿಗೇ ಹರಡಿತ್ತು. "ಏನಪ್ಪಾ ಇದು, ಹೊಳೆಗೆ ಸ್ನಾನ ಮಾಡಿಸಿದೋರು ಯಾರು?" ಎಂದು ಅಂಗಡಿಯ ನೋಲಾ ಕೇಳಿದಾಗ ನಾನು ಮೀಸೆಯಡಿಯಲ್ಲೇ ನಕ್ಕೆ. ನೋಲಾ ಅಂಗಡಿ ನಡೆಸುತ್ತಾಳೆ, ಅಂಚೆ ನೋಡಿಕೊಳ್ಳುತ್ತಾಳೆ, ಅಟ್ಟಣೆಯವರ ಸಂಘಕ್ಕೂ ಅವಳೇ ಯಜಮಾನಿ. ಅವಳಿಗೇ ಸುಳಿವು ಸಿಗಲಿಲ್ಲವೆಂದರೆ ಇನ್ಯಾರಿಗೆ ಸಿಗಬೇಕು ಎಂದು ನಾನು ಬೀಗಿದೆ.

ಮರುವರ್ಷ ಚಳಿಗಾಲದಲ್ಲಿ ಸೆಲ್ವಿನ್ ಮತ್ತು ಅವನ ಹೆಂಡತಿ ರಿಪೆಕಾ ಬಂದರು. ಉತ್ತರದ್ವೀಪದ ದೊಡ್ಡ ಸರೋವರಗಳ ಕಡೆಯವರು. ಅವನು ಬಸ್ಸು ಓಡಿಸಿ ನಿವೃತ್ತನಾದವನು, ಮಾತು ಕಡಿಮೆ. ಅವಳು ನಗುಮುಖದ ಹೆಂಗಸು, ಈ ನಾಡಿನ ಮೂಲನಿವಾಸಿ ಮಾವೊರಿಗಳವಳು. ಏಳನೆಯ ಅಟ್ಟಣೆಯನ್ನೂ ಅದರ ಹಿಂದಿನ ಸಣ್ಣ ಮನೆಯನ್ನೂ ಕೊಂಡು, ಬದುಕಿನ ಕೊನೆಯವರೆಗೂ ಇಲ್ಲೇ ಇರುತ್ತೇವೆ ಎಂದು ಎಲ್ಲರಿಗೂ ಹೇಳಿದರು. ಜೊತೆಗೆ ಒಂದು ಅಲ್ಯುಮಿನಿಯಂ ದೋಣಿ ತಂದಿದ್ದರು.

ಅದರ ಮುಂದಿನ ವಸಂತಕ್ಕೆ ಕಳೆ ಬಂತು.

ಮೊದಲು ದಡದಲ್ಲಿ ಅಷ್ಟಿಷ್ಟು. ಕಡು ಹಸಿರು ಬಳ್ಳಿ, ಸುತ್ತಲೂ ಸುರುಳಿ ಎಲೆ. ಅಕ್ಟೋಬರ್ ಹೊತ್ತಿಗೆ ನಡುಹೊಳೆಯಲ್ಲೂ ಆಳೆತ್ತರಕ್ಕೆ ಎದ್ದು ನಿಂತಿತು. ಬಲೆ ಇಳಿಸಿದರೆ ಕಳೆ, ಎತ್ತಿದರೆ ಕಳೆ. ಹರಿವು ಸತ್ತು ಹೊಳೆ ಕೆರೆಯಂತಾಯಿತು. ಮೀನು ಹೊಳೆಬಾಯಿಯವರೆಗೆ ಬಂದು ದಾರಿ ಕಾಣದೆ ಪಕ್ಕದ ಹೊಳೆಗೆ ತಿರುಗಿತು.

ಊರ ಸಮುದಾಯ ಭವನದಲ್ಲಿ ಸಭೆ ಸೇರಿತು. ಇದನ್ನು ಹೇಳುವುದಕ್ಕೆ ನನ್ನ ನಾಲಿಗೆ ಏಳುವುದಿಲ್ಲ, ಆದರೂ ಹೇಳಬೇಕು. ಮೊದಲು ಬಾಯಿ ತೆಗೆದವನು ನಾನೇ. ಬೇರೆ ಯಾರೂ ಸೆಲ್ವಿನ್ ಹೆಸರು ಎತ್ತಿರಲಿಲ್ಲ.

"ಈ ಹೊಳೇಲಿ ನಮ್ಮಜ್ಜನ ಕಾಲದಿಂದ ಇಂಥ ಕಳೆ ಕಂಡೋರಿದ್ರೆ ಕೈಯೆತ್ತಿ ನೋಡೋಣ," ಎಂದೆ. "ಸರೋವರದ ಕಡೆ ಈ ದರಿದ್ರ ಕಳೆ ತುಂಬ್ಕೊಂಡಿದೆ ಅಂತ ರೇಡಿಯೋದಲ್ಲೇ ಹೇಳ್ತಾರೆ. ಆ ಕಡೆಯಿಂದ ದೋಣಿ ತಂದೋರು ಯಾರು? ನಾನೇನೂ ಹೆಸರು ಹೇಳ್ತಿಲ್ಲಪ್ಪ."

ಹೆಸರು ಹೇಳುವ ಅಗತ್ಯವಿರಲಿಲ್ಲ. ಇಡೀ ಭವನದಲ್ಲಿ ಸರೋವರದ ಕಡೆಯವರು ಇಬ್ಬರೇ ಇದ್ದರು.

ಸೆಲ್ವಿನ್ ಎದ್ದು ನಿಂತ. "ದೋಣೀನ ಉಪ್ಪುನೀರಲ್ಲಿ ತೊಳ್ದು, ಹದಿನೈದು ದಿನ ಬಿಸಿಲಿಗೆ ಹಾಕಿ ತಂದಿದೀನಿ. ನಿಮ್ಮಾಣೆ," ಎಂದ.

"ತೊಳೆದಿರ್ತೀಯ ಬಿಡು. ಒಂದು ಎಳೆ ಸಾಕಲ್ಲ," ಎಂದೆ. ನಾಲ್ಕು ಜನ ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತು. ಅವನ ಮೇಲೆ ಗೂಬೆ ಕೂರಿಸಿ ನಾನು ನನ್ನ ಕುರ್ಚಿಯಲ್ಲಿ ಕೂತೆ. ಆಗ ನನಗೆ ಕಾಲುವೆಯ ನೆನಪಾಗಲಿಲ್ಲವೇ? ಸತ್ಯವಾಗಿಯೂ ಆಗಲಿಲ್ಲ. ನೀರು ತಿಳಿಯಾದರೆ ಒಳ್ಳೆಯದಾಗುತ್ತದೆ, ಕೆಟ್ಟದ್ದು ಹೊರಗಿನಿಂದ ಬರುತ್ತದೆ, ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಅವತ್ತಿನ ಮಟ್ಟಿಗೆ ನಾನು ಬರೀ ಮೂರ್ಖ.

ಸಭೆ ಮುಗಿದ ಮೇಲೆ ನಮ್ಮಲ್ಲಿ ಪ್ರತಿ ಮನೆಯಿಂದಲೂ ಒಂದೊಂದು ತಟ್ಟೆ ತಿಂಡಿ ತಂದು ಮೇಜಿನ ಮೇಲಿಟ್ಟು ಹಂಚಿ ತಿನ್ನುವುದು ರೂಢಿ. ರಿಪೆಕಾ ಎಣ್ಣೆಯಲ್ಲಿ ಕರಿದ ರೊಟ್ಟಿ ತಂದಿದ್ದಳು, ಇನ್ನೂ ಬಿಸಿಯಾಗಿತ್ತು. ಎಲ್ಲ ತಟ್ಟೆಗಳೂ ಖಾಲಿಯಾದವು. ಅವಳದನ್ನು ಯಾರೂ ಮುಟ್ಟಲಿಲ್ಲ. ಅವಳು ಬಟ್ಟೆ ಮುಚ್ಚಿ ತಟ್ಟೆಯನ್ನು ಎದೆಗವುಚಿಕೊಂಡು ಹೊರಟಳು. ನೈರಿ ಬಾಗಿಲಲ್ಲಿ ಅವಳನ್ನು ತಡೆದು ಒಂದು ರೊಟ್ಟಿ ತೆಗೆದುಕೊಂಡು ಅಲ್ಲೇ ತಿಂದಳು, ನನ್ನ ಮುಖವನ್ನೇ ನೋಡುತ್ತ.

ಆಮೇಲೆ ಸೆಲ್ವಿನ್ ಒಂದು ಕೆಲಸ ಶುರುಮಾಡಿದ. ದಿನಾ ಬೆಳಿಗ್ಗೆ ಎದೆಯವರೆಗಿನ ರಬ್ಬರ್ ಪ್ಯಾಂಟು ಹಾಕಿಕೊಂಡು ಹೊಳೆಗಿಳಿದು ಕುಂಟೆಯಿಂದ ಕಳೆ ಕೀಳುವುದು. ತನ್ನ ಅಟ್ಟಣೆಯ ಕೆಳಗಷ್ಟೇ ಅಲ್ಲ, ಎಲ್ಲರದ್ದೂ. ನನ್ನ ಅಟ್ಟಣೆಯ ಕೆಳಗಂತೂ ವಾರಕ್ಕೆರಡು ಸಲ ಬರುತ್ತಿದ್ದ. "ನಮಸ್ಕಾರ ಡೆನ್ಜಿಲ್. ನೀರು ತುಂಬ ತಿಳಿಯಾಗಿದೆ ಅಲ್ವಾ ಈಚೆಗೆ?" ಎನ್ನುತ್ತಿದ್ದ. "ಹೂಂ," ಎಂದು ನಾನು ಮುಖ ತಿರುಗಿಸುತ್ತಿದ್ದೆ. ತಪ್ಪಿತಸ್ಥ ಪ್ರಾಯಶ್ಚಿತ್ತ ಮಾಡುತ್ತಿದ್ದಾನೆ ಎಂದು ಊರು ಆಡಿಕೊಂಡಿತು. ಅವನು ಕಿತ್ತಷ್ಟೂ ಅದು ಬೆಳೆಯಿತು.

ಮುಂದಿನ ವರ್ಷ ನೀರು ಪರೀಕ್ಷೆ ಮಾಡುವ ಕಚೇರಿಯಿಂದ ಮಿರಿಯಾಮಾ ಎಂಬ ಹುಡುಗಿ ಬಂದಳು. ಅವಳ ಅಳತೆಗೆ ಇಬ್ಬರು ಬೇಕಂತೆ, ನೋಲಾ ನನ್ನನ್ನು ಕಳಿಸಿದಳು. ಕೋಲಿನ ತುದಿಗೆ ಒಂದು ಕರಿ ತಟ್ಟೆ. ಅದನ್ನು ನೀರೊಳಗೆ ಹಿಡಿದು ನಾನು ಹಿಂದೆ ಹಿಂದೆ ನಡೆಯಬೇಕು, ಅವಳು ಗಾಜಿನ ಪೆಟ್ಟಿಗೆಯೊಂದನ್ನು ನೀರಿಗೆ ಅದ್ದಿ ಅದರೊಳಗಿನಿಂದ ನೋಡುತ್ತಿರುತ್ತಾಳೆ. ತಟ್ಟೆ ಎಲ್ಲಿ ಮರೆಯಾಗುತ್ತದೋ ಅಲ್ಲಿಗೆ ಅಳತೆ. ನಾನು ನಡೆದೆ, ನಡೆದೆ, ತಿರುವಿನವರೆಗೂ ನಡೆದೆ.

"ಇನ್ನೂ ಕಾಣ್ತಿದೆ ಮತುವಾ!" ಎಂದು ಕೂಗಿದಳು. ಅವರಲ್ಲಿ ಹಿರಿಯರನ್ನು ಹಾಗೆ ಕರೆಯುವುದು, ನಾನು ಮಾವೊರಿ ಅಲ್ಲದಿದ್ದರೂ ಅವಳು ಹಾಗೇ ಕರೆದಳು. ದಡಕ್ಕೆ ಬಂದು ಹಳೆಯ ಪುಸ್ತಕವೊಂದನ್ನು ತೆರೆದಳು. "ಹನ್ನೆರಡು ವರ್ಷದ ಕೆಳಗೆ ಇದೇ ಜಾಗದಲ್ಲಿ ಅಳೆದಿದ್ದಾರೆ. ಮೂರು ಹೆಜ್ಜೆಗೆ ತಟ್ಟೆ ಮಾಯ. ಈಗ ಇಪ್ಪತ್ತೈದು ಹೆಜ್ಜೆ ಆದ್ರೂ ಕಾಣುತ್ತೆ. ಕಂದು ಬಣ್ಣ ಎಲ್ಲಿಗೆ ಹೋಯ್ತು?"

"ಹೋದ್ರೆ ಒಳ್ಳೇದೇ ಆಯ್ತಲ್ಲ."

"ನಿಮಗೆ ಒಳ್ಳೇದು. ಈ ಕಳೆಗೆ ಇನ್ನೂ ಒಳ್ಳೇದು. ಇದಕ್ಕೆ ಬೆಳಕೇ ಅನ್ನ, ಮತುವಾ. ಕಂದು ನೀರು ಬೆಳಕನ್ನ ಮೇಲ್ಮೇಲೇ ಕುಡಿದುಬಿಡುತ್ತೆ. ಮೊಣಕೈ ಆಳಕ್ಕೆ ಹೋದ್ರೆ ಮಟಮಟ ಮಧ್ಯಾಹ್ನವೂ ಮುಸ್ಸಂಜೆ. ತಳದಲ್ಲಿರೋ ಗಿಡ ಹಸಿದು ಸಾಯುತ್ತೆ. ಇಲ್ಲಿ ನೋಡಿ, ಆ ಹಳೇ ಪುಸ್ತಕದಲ್ಲೇ ಬರೆದಿದೆ: 'ದಡದಲ್ಲಿ ಸುರುಳಿ ಎಲೆಯ ಕಳೆ, ಎರಡು ಮೂರು ಎಳೆ, ಸಾಯುತ್ತಿದೆ.' ಹನ್ನೆರಡು ವರ್ಷದ ಹಿಂದೇನೇ ಇತ್ತು ಇದು. ಬಾತುಕೋಳಿ ಕಾಲಿಗೆ ಅಂಟ್ಕೊಂಡು ಬಂದಿರಬಹುದು. ತಲೆ ಎತ್ತೋಕೆ ಆಗಿರಲಿಲ್ಲ ಅಷ್ಟೆ."

"ಹಾಗಾದ್ರೆ ದೋಣಿ…" ಎಂದೆ.

"ಯಾವ ದೋಣಿ? ದೋಣಿಗೂ ಇದಕ್ಕೂ ಸಂಬಂಧ ಇಲ್ಲ. ಬೆಳಕು ಬಿಟ್ಟೋರು ಯಾರು ಅನ್ನೋದು ಪ್ರಶ್ನೆ. ಮೇಲೆ ಏನಾದ್ರೂ ಬದಲಾಗಿದೆಯಾ?"

ಆಗ ನಾನು ಹೇಳಿದ ಸುಳ್ಳು ಕೇಳಿ. "ಈಚೆಗೆ ಮಳೆ ಕಡಿಮೆ," ಎಂದೆ. ಮೈಮೇಲೆ ಮಳೆಯಂಗಿ, ಟೋಪಿಯಿಂದ ನೀರು ತೊಟ್ಟಿಕ್ಕುತ್ತಿದೆ, ನಾಲ್ಕು ದಿನದಿಂದ ಸೂರ್ಯ ಕಂಡಿಲ್ಲ.

ಹುಡುಗಿ ಬಿದ್ದು ಬಿದ್ದು ನಕ್ಕಳು. "ಇಲ್ಲಿ? ಮಳೆ ಕಡಿಮೆ? ಒಳ್ಳೇ ತಮಾಷೆ ಮಾಡ್ತೀರ!" ಎಂದವಳು ಕೂಡಲಿನ ಕಡೆ ಹೆಜ್ಜೆ ಹಾಕಿದಳು. ನಾನು ಅಡ್ಡ ಬಂದೆ. ಅಲ್ಲಿ ಜೌಗು ಕೆಟ್ಟದ್ದು, ಹೋದ ವರ್ಷ ನಮ್ಮ ಹಸು ಕತ್ತಿನವರೆಗೆ ಹೂತುಹೋಗಿತ್ತು, ಎಂದೆ. ಯಾವ ಹಸುವೂ ಹೂತಿರಲಿಲ್ಲ. ಅವಳಿಗೆ ಮಧ್ಯಾಹ್ನದೊಳಗೆ ಇನ್ನೊಂದು ಹೊಳೆಗೆ ಹೋಗಬೇಕಿತ್ತು. ಪುಸ್ತಕದಲ್ಲಿ 'ಕಾರಣ ತಿಳಿದಿಲ್ಲ' ಎಂದು ಬರೆದುಕೊಂಡು, ವರದಿ ಚಳಿಗಾಲಕ್ಕೆ ಕಳಿಸುತ್ತೇವೆ ಎಂದು ಹೇಳಿ ಹೊರಟಳು. ನನ್ನ ಕೈ ಕುಲುಕಿ ಥ್ಯಾಂಕ್ಸ್ ಬೇರೆ ಹೇಳಿದಳು.

ಇಲ್ಲಿಂದ ಮುಂದೆ ನಾನು ಮೂರ್ಖನಲ್ಲ, ಪಾಪಿ.

ಏಕೆಂದರೆ ಎರಡು ವಾರಕ್ಕೆ ಮತ್ತೆ ಸಭೆಯಿತ್ತು. ಕೊಂಡ ಅಟ್ಟಣೆಗೂ ವರ್ಷವರ್ಷ ಸಂಘದ ಒಪ್ಪಿಗೆ ಬೇಕು; ಏಳನೆಯದನ್ನು ಸೆಲ್ವಿನ್‌ಗೆ ಮುಂದುವರಿಸಬೇಕೇ ಬೇಡವೇ ಎಂಬ ಪ್ರಶ್ನೆ. ಅವನನ್ನು ಉಳಿಸುವ ಮಾತು ಇಡೀ ಊರಿನಲ್ಲಿ ನನ್ನ ಬಾಯಲ್ಲಿ ಮಾತ್ರ ಇತ್ತು. ಹೇಳಿದರೆ ಏನಾಗುತ್ತಿತ್ತು? ಬೈಯುತ್ತಿದ್ದರು. ನನ್ನ ಅಟ್ಟಣೆ ಹೋಗುತ್ತಿತ್ತೋ ಏನೋ. ಅದಕ್ಕಿಂತ ಹೆಚ್ಚಾಗಿ, ಎಲ್ಲರೆದುರು ಒಬ್ಬನ ಕಡೆ ಬೆರಳು ತೋರಿಸಿದವನು ಅದೇ ಎಲ್ಲರೆದುರು ಆ ಬೆರಳನ್ನು ತನ್ನ ಕಡೆ ತಿರುಗಿಸಬೇಕಿತ್ತು. ಆ ಹದಿನಾಲ್ಕು ದಿನವೂ ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ.

ಸಭೆಯಲ್ಲಿ ನೋಲಾ ಕೇಳಿದಳು: "ಕೈಯೆತ್ತೋ ಮುಂಚೆ ಯಾರಾದ್ರೂ ಏನಾದ್ರೂ ಹೇಳೋದಿದೆಯಾ?"

ಸೆಲ್ವಿನ್ ಹಿಂದಿನ ಸಾಲಿನಲ್ಲಿದ್ದ. ನನ್ನ ಬೆನ್ನಿಗೆ ಅವನ ನೋಟ ತಾಗುತ್ತಿದೆ ಅನ್ನಿಸಿತು. ನಾನು ನನ್ನ ಬೂಟಿನ ದಾರ ನೋಡುತ್ತ ಕೂತೆ.

"ಡೆನ್ಜಿಲ್? ನೀನು ಆ ಹುಡುಗಿ ಜೊತೆ ಇದ್ಯಲ್ಲ. ಏನಂದ್ಲು?"

ಇದಕ್ಕಿಂತ ಹೆಚ್ಚಾಗಿ ದೇವರು ಒಬ್ಬ ಮನುಷ್ಯನಿಗೆ ಇನ್ನೇನು ಅವಕಾಶ ಕೊಡಬೇಕು? "ಕಾರಣ ಗೊತ್ತಿಲ್ಲ ಅಂತ ಬರ್ಕೊಂಡ್ಲು," ಎಂದೆ. ಅದು ಸುಳ್ಳೂ ಅಲ್ಲ ನೋಡಿ. ಅಷ್ಟು ನೀಚ ಜಾಣತನ ನನಗೆ ಎಲ್ಲಿಂದ ಬಂತೋ. ಆಮೇಲೆ ಎಲ್ಲರ ಜೊತೆ ನನ್ನ ಕೈಯೂ ಮೇಲೆದ್ದಿತು. ನೈರಿಯ ಕೈ ಏಳಲಿಲ್ಲ. ಸೆಲ್ವಿನ್‌ನ ಅಟ್ಟಣೆ ಹೋಯಿತು. ಕ್ರಿಸ್ಮಸ್‌ಗೆ ಮುಂಚೆ ಮನೆಯನ್ನೂ ಮಾರಿ ಗಂಡಹೆಂಡತಿ ಹೋಕಿಟಿಕಾ ಕಡೆ ಬಾಡಿಗೆ ಮನೆ ಹಿಡಿದು ಹೋದರು.

ಜನವರಿಯಲ್ಲಿ ನಾನು ಮತ್ತೆ ಗುದ್ದಲಿ ಹಿಡಿದೆ. ಒಡ್ಡಿನ ಚೀಲಗಳನ್ನು ಸೀಳಿದೆ, ಕಾಲುವೆ ಮುಚ್ಚಿದೆ. ಮೂರು ದಿನದ ಕೆಲಸಕ್ಕೆ ಈಗ ಒಂದು ವಾರ ಬೇಕಾಯಿತು, ಮಂಡಿ ಮೊದಲಿನ ಹಾಗಿಲ್ಲ. ಕಂದು ನೀರು ಹಳೆಯ ಹಾದಿ ಹಿಡಿದು ಹೊಳೆಗಿಳಿಯುವುದನ್ನು ನೋಡುತ್ತ ನಿಂತೆ. ತೋಡಿದ್ದನ್ನು ಮುಚ್ಚಿದರೆ ಪಾಪವೂ ಮುಚ್ಚಿಹೋಗುತ್ತದೆ ಎಂದು ನಂಬಿದ್ದೆ. ಹೊಳೆಗೆ ಒಳ್ಳೆಯದಾದರೆ ಸಾಕು, ಯಾರು ಏನೆಂದುಕೊಂಡರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹುಡುಗಿ ಹೇಳಿದ್ದು ಅಕ್ಷರಶಃ ನಡೆಯಿತು. ಮಾರ್ಚ್‌ಗೆ ತಳದ ಕಳೆಯ ಎಲೆ ಉದುರಿತು. ಜೂನ್‌ಗೆ ಬಳ್ಳಿ ಕರಗಿ ಬೂದುಬಣ್ಣದ ದಾರವಾಯಿತು. ಚಳಿಗಾಲದ ಎರಡು ನೆರೆಗೆ ಎಲ್ಲ ಕೊಚ್ಚಿಹೋಗಿ ಸಮುದ್ರ ಸೇರಿತು. ವಸಂತಕ್ಕೆ ಹೊಳೆ ಮತ್ತೆ ಚಹಾದ ಬಣ್ಣ. ನಮ್ಮ ಕಣ್ಣಿಗೆ ಕಾಣದ ಮೀನು ಬಲೆಗೆ ಸಿಕ್ಕಷ್ಟು ಸಿಕ್ಕಿತು, ಉಳಿದದ್ದು ತನ್ನ ದಾರಿ ಹಿಡಿದು ಮೇಲಕ್ಕೆ ಹೋಯಿತು. ಕಚೇರಿಯ ವರದಿಯೂ ಬಂತು. ನೋಲಾ ಅದನ್ನು ಬ್ರೆಡ್ಡಿನ ಕಪಾಟಿನ ಪಕ್ಕ ಗೋಡೆಗೆ ಚುಚ್ಚಿದಳು, ಯಾರೂ ಓದಲಿಲ್ಲ. ಓದುವ ಅಗತ್ಯ ಯಾರಿಗಿತ್ತು?

"ದೋಣಿ ಹೋಯ್ತು, ಕಳೆ ಹೋಯ್ತು!" ಋತು ಮುಗಿದ ಊಟದಲ್ಲಿ ನೋಲಾ ಬಿಯರ್ ಲೋಟ ಎತ್ತಿದಳು. "ಮೊದಲು ಗುರುತು ಹಿಡಿದೋನು ನಮ್ಮ ಡೆನ್ಜಿಲ್. ಮುದುಕನ ಬಾಯಿ ಕೆಟ್ಟದ್ದಾದ್ರೂ ಕಣ್ಣು ಚುರುಕು. ಏಳು, ಎದ್ದೇಳು, ಎರಡು ಮಾತಾಡು!"

ಚಪ್ಪಾಳೆ ಬಿತ್ತು. ಆ ಕ್ಷಣದಲ್ಲಿ ನನಗೆ ಹೊಳೆಯಿತು: ಗುಟ್ಟಾಗಿ ಮಾಡಿದ ನನ್ನ ಒಳ್ಳೆಯ ಕೆಲಸವೇ ಆ ಮನುಷ್ಯನ ಮೇಲಿನ ಅಪವಾದಕ್ಕೆ ಕೊನೆಯ ಮುದ್ರೆ ಒತ್ತಿತ್ತು. ಅವನು ಹೋದ, ಕಳೆ ಹೋಯಿತು, ಇನ್ನೇನು ಸಾಕ್ಷಿ ಬೇಕು? ಎದ್ದೆ. "ಥ್ಯಾಂಕ್ಸ್," ಎಂದೆ. ಕೂತೆ. ಛೀ!

ಮನೆಗೆ ಬಂದ ಮೇಲೆ ನೈರಿ ಕೋಟು ಬಿಚ್ಚಲೂ ಇಲ್ಲ. "ನಾಲ್ಕು ವರ್ಷದಿಂದ ಆ ಪ್ಯಾಂಟಿನ ಕೆಸರು ನಾನೂ ನುಂಗ್ಕೊಂಡಿದೀನಿ," ಎಂದಳು. "ಇನ್ನಾಗಲ್ಲ. ಸೆಲ್ವಿನ್ ಹತ್ರ ನೀನು ಹೋಗಿ ಹೇಳ್ತೀಯೋ, ನಾನು ಹೋಗ್ಲೋ?"

ಮರುದಿನ ಹೋಕಿಟಿಕಾಕ್ಕೆ ಹೊರಟೆ. ಸೆಲ್ವಿನ್ ಅಂಗಳದಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ, ರಿಪೆಕಾ ಮೆಟ್ಟಿಲ ಮೇಲೆ ಕೂತು ಫ್ಲ್ಯಾಕ್ಸ್ ಎಲೆ ಸೀಳಿ ಬುಟ್ಟಿ ಹೆಣೆಯುತ್ತಿದ್ದಳು. ಕೂರು ಎಂದು ಇಬ್ಬರೂ ಹೇಳಲಿಲ್ಲ. ನಾನು ಗೇಟಿನ ಹತ್ತಿರವೇ ನಿಂತು ಎಲ್ಲವನ್ನೂ ಹೇಳಿದೆ: ಕಾಲುವೆ, ಒಡ್ಡು, ಮಿರಿಯಾಮಾ, ಮಳೆ, ಹಸು, ಕೈಯೆತ್ತಿದ್ದು. ಮುಗಿಯುವ ಹೊತ್ತಿಗೆ ನನ್ನ ದನಿ ನನಗೇ ಕೇಳದಷ್ಟು ಇಳಿದಿತ್ತು.

ಸೆಲ್ವಿನ್ ಕೈ ಒರೆಸಿಕೊಂಡ. "ಕಾಲುವೆ ವಿಷಯ ಗೊತ್ತು," ಎಂದ.

"ಗೊತ್ತಾ?"

"ಕೂಡಲಿನ ಹತ್ರ ಈ ಎಲೆ ಕೊಯ್ಯೋಕ್ ಹೋಗಿದ್ದೆ ನಾನು," ಎಂದಳು ರಿಪೆಕಾ, ಹೆಣೆಯುವುದನ್ನು ನಿಲ್ಲಿಸದೆ. "ಮೊದಲ ಸಭೆ ಆದ ತಿಂಗಳೇ. ನಿನ್ನ ಹಸುವಿನ ಮೇವಿನ ಚೀಲ. ಊರಲ್ಲಿ ಬೇರೆ ಯಾರ ಮನೇಲಿದೆ ಹಸು?"

"ಮತ್ತೆ ಯಾಕೆ ಹೇಳ್ಲಿಲ್ಲ? ಸಭೇಲಿ ಒಂದು ಮಾತು…"

"ಯಾರು ನಂಬ್ತಿದ್ರು?" ಸೆಲ್ವಿನ್ ಕೇಳಿದ. "ಮೂರು ತಲೆಮಾರಿನೋನು ಒಂದು ಕಡೆ, ನಿನ್ನೆ ಬಂದೋರು ಒಂದು ಕಡೆ. ಅದೂ ಅಲ್ದೆ, ನೀನೇ ಹೇಳ್ತೀಯ ಅಂದ್ಕೊಂಡೆ. ವಾರಕ್ಕೆರಡು ಸಲ ನಿನ್ನ ಅಟ್ಟಣೆ ಕೆಳಗೆ ಬರ್ತಿದ್ದದ್ದು ಕಳೆ ಕೀಳೋಕಲ್ಲ. ನಾವಿಬ್ರೇ ಇದ್ದಾಗ ಹೇಳೋದು ನಿನಗೆ ಸುಲಭ ಆಗಬಹುದು ಅಂತ."

"ಹೊರಟ ದಿನಾನೂ ಕಾದ್ವಿ," ಎಂದಳು ರಿಪೆಕಾ. ಈಗ ತಲೆಯೆತ್ತಿದಳು. "ಲಾರಿ ನಿನ್ನ ಮನೆ ಮುಂದೆ ಹತ್ತು ನಿಮಿಷ ನಿಲ್ಲಿಸಿದ್ವಿ. ಸೆಲ್ವಿನ್ ಇಳಿದು ರಸ್ತೇಲಿ ನಿಂತಿದ್ದ. ನೀನು ಕಿಟಕೀಲಿದ್ದೆ. ನಮ್ಮನ್ನ ನೋಡಿ ಪರದೆ ಎಳೆದೆ."

ಎಳೆದದ್ದು ನಿಜ. ಮೇಲೆ ಅವರು ಹೋಕಿಟಿಕಾಕ್ಕೆ ಹೋದರು ಎಂದಷ್ಟೇ ಹೇಳಿ ದಾಟಿಸಿಬಿಟ್ಟೆನಲ್ಲ, ಬೇಕೆಂದೇ ದಾಟಿಸಿದ್ದು. ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ ಎಂದು ಹೊರಟವನು ನಿಮ್ಮಿಂದಲೂ ಇದೊಂದನ್ನು ಮುಚ್ಚಿಟ್ಟಿದ್ದೆ.

"ನಮಗೆ ಹೇಳಿದ್ದಾಯ್ತಲ್ಲ," ಎಂದ ಸೆಲ್ವಿನ್. "ನಮಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ದಿರೋರಿಗೆ ಹೇಳು."

ಸೋಮವಾರ ಅಟ್ಟಣೆಯವರ ಸಭೆಯಿದೆ. ಮೊದಲು ನಾನು ಮಾತಾಡಬೇಕು ಎಂದು ನೋಲಾಗೆ ತಿಳಿಸಿದ್ದೇನೆ. ಮತ್ತೇನಾದರೂ ಗುರುತು ಹಿಡಿದೆಯಾ ಎಂದು ಅವಳು ನಕ್ಕಳು. ಹೌದು ಎಂದೆ. ಪರದೆಯ ವಿಷಯವನ್ನೂ ಸೇರಿಸಿಯೇ ಹೇಳಬೇಕು.